ಆಯಿಯ ಲೆಕ್ಕ

ಮಹಾಪುರುಷರ ಚರಿತ್ರೆಗಳನ್ನು ಬರೆಯುವವರು ಬಹಳ ಜನರಿದ್ದಾರೆ. ಯಾವ ದಫ್ತರದಲ್ಲಿಯೂ ಹೆಸರು ಕಾಣದ ಒಬ್ಬ ಮುದುಕಿಯ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ನಾನು ಈ ದಿನ ಲೇಖನಿಯನ್ನು ಹಿಡಿದಿದ್ದೇನೆ. ಆಕೆ ನನ್ನ ತಂದೆಯ ತಾಯಿ. ನಮ್ಮ ವಿಜಯಪುರದ ಕಡೆಗೆ ಅಜ್ಜಿಗೆ ‘ಆಯಿ’ ಎಂದೂ ಅಜ್ಜನಿಗೆ ‘ಮುತ್ಯಾ’ ಎಂದೂ ಕರೆಯುವ ರೂಢಿ. ಪ್ರತಿಯೊಂದು ಮನೆಯಲ್ಲಿಯೂ ಇಂಥ ಒಬ್ಬ ಆಯಿ ಇದ್ದೇ ಇರುವಳಾದ್ದರಿಂದ, ವಾಚಕರು ಇದನ್ನು ನನ್ನ ಮನೆಯ ಮಾತೆಂದು ಬೇಸರಪಡಲಾರರೆಂದು ನಂಬಿದ್ದೇನೆ.

ಕಳೆದ ಬೇಸಿಗೆಯಲ್ಲಿ ಬಬಲೇಶ್ವರದ ನಮ್ಮ ಹಳೆಯ ಮನೆಯನ್ನು ಕೆಡವಿಸುವ ಪ್ರಸಂಗ ಬಂದಿತು. ಮಾಳಿಗೆಯ ತೊಲೆಗಳನ್ನು ಗೆದ್ದಲು ತಿಂದಿದ್ದವು; ಇರುವವರೂ ಯಾರೂ ಇರಲಿಲ್ಲ. ಅಂಗಳವನ್ನು ಸಮ ಮಾಡುತ್ತಿದ್ದ ಹುಡುಗನೊಬ್ಬನ ಸಲಿಕೆಯು ಒಂದು ಹಾಸುಗಲ್ಲಿಗೆ ತಾಗಿತು. ಕಲ್ಲನ್ನು ಸರಿಸಿದರೆ ಕೆಳಗೆ ಕತ್ತಲೆ.

“ಇಲ್ಲಿ ಬಾವಿ ಇತ್ತೇನ್ರೀ, ಸರ?” ಎಂದು ಆತನು ಕೇಳಿದನು.

“ಬಾವಿಯಲ್ಲಪ್ಪಾ, ಹಗೇವು” ಎಂದೆನು. ಆ ಶಬ್ದವನ್ನೇ ಆತನು ಕೇಳಿರಲಿಲ್ಲ. ಅಂದು ಸಾಯಂಕಾಲದವರೆಗೂ ಆ ಕಲ್ಲಿನ ಬದಿಗೆ ಕುಳಿತು ನಾನು ಯೋಚಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಯಿಯ ತವರು ತಿಕೋಟಾ, ಗಂಡನ ಮನೆ ಬಬಲೇಶ್ವರ. ಈಗ ಇವೆರಡೂ ತಾಲೂಕಿನ ಊರುಗಳಾಗಿವೆ. ಆಗ ಎರಡೂ ವಿಜಾಪುರ ತಾಲೂಕಿನ ಹಳ್ಳಿಗಳು. ವಿಜಾಪುರಕ್ಕೆ ವಿಜಯಪುರವೆಂಬ ಹೆಸರು ಅಧಿಕೃತವಾಗಿ ಬಂದುದು 2014ರಲ್ಲಿ. ಆಯಿಯ ಪಾಲಿಗಂತೂ ಅದು ಕೊನೆಯ ವರೆಗೂ ‘ಪ್ಯಾಟಿ’ಯೇ ಆಗಿತ್ತು. ತನ್ನ ಹುಟ್ಟಿದ ವರ್ಷವು ಆಕೆಗೆ ತಿಳಿಯದು. 1918ರ ದೊಡ್ಡ ಜ್ವರದಲ್ಲಿ ತಾಯಿಯನ್ನು ಕಳೆದುಕೊಂಡಾಗ ಆಕೆಗೆ ಐದಾರು ವರ್ಷವಂತೆ. ಮುಂದೆ ಆಕೆಯನ್ನು ಸಾಕಿದವಳು ಆಕೆಯ ಆಯಿ. ಆ ಮುದುಕಿಯು 1876-78ರ ಮಹಾಕ್ಷಾಮವನ್ನು ಕಣ್ಣಾರೆ ಕಂಡವಳು. ಆಗ ನಮ್ಮ ಜಿಲ್ಲೆಗೆ ಕಲಾದಗಿಯೇ ಮುಖ್ಯ ಸ್ಥಳವಾಗಿತ್ತು. ಆ ಬರದಲ್ಲಿ ಜನರು ಊರು ಬಿಟ್ಟು ಹೋದುದನ್ನೂ, ದಾರಿಯಲ್ಲಿಯೇ ಬಿದ್ದುದನ್ನೂ, ಕಾಳಿದ್ದವರ ಮನೆಯ ಬಾಗಿಲುಗಳು ಮುಚ್ಚಿಕೊಂಡುದನ್ನೂ ಆ ಮುದುಕಿಯು ಮೊಮ್ಮಗಳಿಗೆ ಹೇಳಿದ್ದಳು. ಬೇರೆ ಮಕ್ಕಳು ರಾಜರಾಣಿಯರ ಕಥೆ ಕೇಳಿ ನಿದ್ದೆ ಹೋದರೆ, ನಮ್ಮ ಆಯಿ ಬರದ ಕಥೆ ಕೇಳಿ ನಿದ್ದೆ ಹೋದವಳು.

ಆಕೆಗೆ ಅಕ್ಷರಾಭ್ಯಾಸವಿರಲಿಲ್ಲ. ತಿಕೋಟಾಕ್ಕೆ ಹೋಗುವ ದಾರಿಯಲ್ಲಿರುವ ತೊರವೆಯಲ್ಲಿ ಕುಮಾರ ವಾಲ್ಮೀಕಿಯು ರಾಮಾಯಣವನ್ನು ಕನ್ನಡಿಸಿದನೆಂದು ನಾನು ಮುಂದೊಮ್ಮೆ ಜಂಬದಿಂದ ಹೇಳಿದಾಗ, “ಹೌದೇನಪಾ? ನಾವು ಅಲ್ಲಿ ಎತ್ತಿಗೆ ನೀರು ಕುಡಸ್ತಿದ್ದಿವಿ” ಎಂದಿದ್ದಳು. ಮುತ್ಯಾ ತೀರಿಕೊಂಡ ಬಳಿಕ ಇಪ್ಪತ್ತೆಕರೆ ಎರೆಹೊಲದ ಒಕ್ಕಲುತನ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು, ದನಕರು, ಬಂದು ಹೋಗುವವರು, ಇವೆಲ್ಲವನ್ನೂ ಆಕೆಯೊಬ್ಬಳೇ ಸಾಗಿಸಿದಳು. ಹಿರಿಯ ಮಗನಾದ ನನ್ನ ತಂದೆಯು ಪ್ಯಾಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತ. ನಾನು ನಾಲ್ಕನೆಯ ಇಯತ್ತೆಯ ವರೆಗೆ ಬಬಲೇಶ್ವರದಲ್ಲಿ ಆಯಿಯ ಬಳಿಯಲ್ಲಿಯೇ ಬೆಳೆದೆನು.

ನಮ್ಮ ಸೀಮೆಯು ಹಿಂಗಾರಿ ಜೋಳದ ಸೀಮೆ. ಭಾದ್ರಪದ ಆಶ್ವಿನಗಳಲ್ಲಿ ಮಳೆಯಾಗಿ ಎರೆಮಣ್ಣು ತಣಿದರೆ ಬಿತ್ತಿಗೆ. ಮುಂದೆ ಇಬ್ಬನಿಯಲ್ಲಿಯೇ ಬೆಳೆ ಬೆಳೆದು ಮಾಘ ಫಾಲ್ಗುನಗಳಲ್ಲಿ ಸುಗ್ಗಿ. “ಡೋಣಿ ಬೆಳೆದರೆ ಓಣಿಯೆಲ್ಲ ಜೋಳ” ಎಂಬ ಗಾದೆಯು ನಮ್ಮ ಡೋಣಿ ನದಿಯ ದಂಡೆಯ ಹೊಲಗಳನ್ನು ಕುರಿತದ್ದು. ಆದರೆ ಡೋಣಿಯು ಬೆಳೆಯದ ವರ್ಷಗಳೇ ಹೆಚ್ಚು. ಆದ್ದರಿಂದಲೇ ನಮ್ಮ ಹಿರಿಯರು ಹಗೇವುಗಳನ್ನು ಮಾಡಿಕೊಂಡಿದ್ದರು. ಈಗಿನ ಹುಡುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಗಟ್ಟಿಯಾದ ನೆಲದಲ್ಲಿ ಕೊಡದ ಆಕಾರದ ಕುಣಿಯನ್ನು ತೋಡುವದು. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಜೋಳದ ಕಣಿಕೆಯನ್ನೂ ಹೊಟ್ಟನ್ನೂ ಒತ್ತಿ, ನಡುವೆ ಕಾಳು ತುಂಬಿ, ಮೇಲೆ ಹಾಸುಗಲ್ಲನ್ನಿಟ್ಟು ಮಣ್ಣಿನಿಂದ ಮುಚ್ಚಿಬಿಡುವದು. ಗಾಳಿಯಾಡದ ಕಾರಣ ಹುಳಕ್ಕೆ ಉಸಿರಿಲ್ಲ. ಕಾಳು ವರ್ಷಗಟ್ಟಲೆ ಕೆಡದೆ ಉಳಿಯುವದು. ಮಣ್ಣಿಗೆ ಹತ್ತಿದ ಕಾಳು ಮಾತ್ರ ಸ್ವಲ್ಪ ಕಂದಿ ಒಂದು ಬಗೆಯ ಕಮಟು ವಾಸನೆಯನ್ನು ಪಡೆಯುವದು. ಆ ರೊಟ್ಟಿಯ ವಾಸನೆಯು ಈಗಲೂ ನನ್ನ ಮೂಗಿನಲ್ಲಿದೆ.

1971ರಲ್ಲಿ ಮಳೆ ಕೈಕೊಟ್ಟಿತು. 1972ರಲ್ಲಿ ಪೂರ್ಣವಾಗಿ ಹೋಯಿತು. ನಾನಾಗ ಎಂಟು ವರ್ಷದ ಹುಡುಗ. ಬಾವಿಗಳ ತಳದ ಬಂಡೆ ಕಂಡುದು, ದನಗಳನ್ನು ಸಿಕ್ಕ ಬೆಲೆಗೆ ಹೊಡೆದುಕೊಂಡು ಹೋದುದು, ನಮ್ಮೂರಿನ ಗಂಡಸರು ಹೆಂಗಸರು ಬರದ ಕಾಮಗಾರಿಗೆ ಖಡಿ ಒಡೆಯಲು ಹೋದುದು, ಗಂಜಿ ಕೇಂದ್ರದ ಮುಂದೆ ಸಾಲು ನಿಂತುದು, ಇವೆಲ್ಲವೂ ನನಗೆ ನೆನಪಿವೆ. ಅಂಗಡಿಗೆ ಬಂದ ಪರದೇಶದ ಕೆಂಪು ಜೋಳದ ಹಿಟ್ಟು ರೊಟ್ಟಿ ತಟ್ಟಲು ಕೂಡುತ್ತಿರಲಿಲ್ಲವೆಂದು ಹೆಂಗಸರು ಅಳುತ್ತಿದ್ದುದೂ ನೆನಪಿದೆ.

ನಮ್ಮ ಹಗೇವಿನಲ್ಲಿ 1970ರ ಸುಗ್ಗಿಯ ಜೋಳವು ಸುಮಾರು 20 ಚೀಲದಷ್ಟಿತ್ತು. ಪೇಟೆಯಲ್ಲಿ ಜೋಳದ ಧಾರಣೆಯು ಏರುತ್ತಲೇ ಇತ್ತು. ನನ್ನ ಕಾಕಾ ಲೋಭಿಯಲ್ಲ. ಆದರೆ ಮೇವಿಲ್ಲದೆ ಎರಡು ಎತ್ತುಗಳನ್ನು ಮಾರಿದ್ದ ದುಃಖವು ಆತನ ಎದೆಯಲ್ಲಿತ್ತು. “ಯವ್ವಾ, ಮನಿಗೆ ಬೇಕಾದಷ್ಟು ಇಟಗೊಂಡು ಉಳದದ್ದು ಮಾರೂಣು. ಮಳಿ ಆದ ದಿನಾ ಎತ್ತು ಎಲ್ಲಿಂದ ತರೂದು?” ಎಂದು ಆತನು ಕೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಆಯಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಹಸಿದ ಊರಾಗ ಮುಚ್ಚಿದ ಹಗೆ ಹಗೆನೇ ಆಗತೈತಿ, ತಮ್ಮಾ. ನಾಳೆ ತಗಸು. ಬೇಕಾದವರು ಕಡಾ ಒಯ್ಯಲಿ” ಎಂದಳು. ಹಗೇವಿಗೆ ಆಡುಮಾತಿನಲ್ಲಿ ಹಗೆ ಎಂದೇ ಹೇಳುವರು. ವೈರಕ್ಕೂ ಅದೇ ಶಬ್ದ. ಶ್ಲೇಷಾಲಂಕಾರವೆಂದರೇನೆಂದು ಮುಂದೆ ಮಕ್ಕಳಿಗೆ ಕಲಿಸುವಾಗಲೆಲ್ಲ ಈ ಮಾತು ನನಗೆ ನೆನಪಾಗುತ್ತಿತ್ತು.

ಕಲ್ಲನ್ನು ತೆಗೆದ ದಿನವೇ ಒಳಗೆ ಯಾರೂ ಇಳಿಯಬಾರದು. ಒಳಗಿನ ಗಾಳಿಯು ಮನುಷ್ಯನನ್ನು ಕೊಲ್ಲುವದು. ಆಯಿಯು ಹಗ್ಗಕ್ಕೆ ಕಂದೀಲನ್ನು ಕಟ್ಟಿ ಇಳಿಬಿಟ್ಟಳು. ಅದು ನೋಡನೋಡುತ್ತಲೇ ಆರಿಹೋಯಿತು. ಮರುದಿನ ಮತ್ತೆ ಬಿಟ್ಟಳು. ಮಿಣಮಿಣ ಉರಿದು ಆರಿತು. ಮೂರನೆಯ ದಿನ ದೀಪವು ನೆಟ್ಟಗೆ ನಿಂತ ಮೇಲೆಯೇ ಆಳಿನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದರು. ಹಸಿದವರು ಬುಟ್ಟಿ ಹಿಡಿದುಕೊಂಡು ಅಂಗಳದಲ್ಲಿ ಕುಳಿತೇ ಇದ್ದರು. ಎರಡು ದಿನ ಕಾಯಿಸಿದ್ದಕ್ಕಾಗಿ ಕೆಲವರು ಸಿಟ್ಟಿಗೆದ್ದರು. “ಹೊಟ್ಟಿಗೆ ತಡಾ ಆದ್ರ ನಡೀತೈತಿ, ಜೀವಕ್ಕ ತಡಾ ಇಲ್ಲ” ಎಂದು ಆಕೆಯು ಕದಲಲಿಲ್ಲ.

ಕಾಳು ಒಯ್ದ ಮನೆಗಳು 23. ಅಕ್ಷರವರಿಯದ ಆಯಿಯು ಪಡಸಾಲೆಯ ಗೋಡೆಯ ಮೇಲೆ ಇದ್ದಿಲಿನಿಂದ ಲೆಕ್ಕವಿಟ್ಟಳು. ಕುಂಬಾರರ ಮನೆಗೆ ಒಂದು ಗಡಿಗೆಯ ಚಿತ್ರ, ಬಡಿಗರಿಗೆ ಬಾಚಿ, ಬಳೆಗಾರರಿಗೆ ಒಂದು ದುಂಡು ಗೀರು, ಹೊಸ್ತಿಲಲ್ಲಿ ಬೇವಿನ ಮರವಿದ್ದ ಮನೆಗೆ ಒಂದು ಗಿಡ; ಅದರ ಮುಂದೆ ಬುಟ್ಟಿಗೊಂದರಂತೆ ನಿಲುಗೀರು. ಸಂಸ್ಕೃತದಲ್ಲಿ ‘ಲಿಖ್’ ಎಂಬ ಧಾತುವಿಗೆ ಗೀರುವದೆಂಬುದೇ ಮೊದಲಿನ ಅರ್ಥ. ‘ಲೇಖಾ’ ಎಂದರೆ ಗೆರೆ. ಹಾಗೆ ನೋಡಿದರೆ ನಮ್ಮ ಮನೆಯಲ್ಲಿ ಮೊದಲಿನ ಲೇಖಕಿಯು ಆಯಿಯೇ.

ಇನ್ನು ನನ್ನ ತಪ್ಪನ್ನು ಹೇಳಬೇಕು. ನಾನಾಗ ಶಾಲೆಯಲ್ಲಿ ದುಂಡಗೆ ಬರೆಯುವ ಹುಡುಗನೆಂದು ಹೆಸರಾಗಿದ್ದೆನು. ಒಂದು ಮಧ್ಯಾಹ್ನ ಆಯಿ ಮನೆಯಲ್ಲಿಲ್ಲದಾಗ ಕಾಕಾ ನನ್ನನ್ನು ಕರೆದು, ಗೋಡೆಯ ಗುರುತುಗಳನ್ನು ಒಂದೊಂದಾಗಿ ಬಿಡಿಸಿ ಹೇಳಿ, ನನ್ನ ಶಾಲೆಯ ವಹಿಯಲ್ಲಿ ಮನೆಯವರ ಹೆಸರುಗಳನ್ನೂ ಬುಟ್ಟಿಗಳನ್ನೂ ಬರೆಯಿಸಿದನು. ಕೈಯಲ್ಲಿ ಹತ್ತು ಪೈಸೆ ಇಟ್ಟು, “ಆಯಿಗೆ ಹೇಳಬ್ಯಾಡ” ಎಂದನು. ಬರವಣಿಗೆಯಿಂದ ನಾನು ಸಂಪಾದಿಸಿದ ಮೊದಲ ಹಣವು ಅದು. ಹೇಳಬಾರದೆಂದ ಮೇಲೆ ಅದರಲ್ಲಿ ಏನೋ ತಪ್ಪಿದೆ ಎಂಬುದು ನನಗೆ ಹೊಳೆಯದೆ ಇರಲಿಲ್ಲ. ಆದರೂ ಬರೆದೆನು, ಬರೆದುದು ಚೆನ್ನಾಗಿ ಬಂದಿದೆಯೆಂದು ಹಿಗ್ಗಿದೆನು.

1973ರಲ್ಲಿ ದೇವರು ಕಣ್ಣು ತೆರೆದನು. ಮಳೆಯಾಯಿತು, ಬಿತ್ತಿಗೆಯಾಯಿತು. ದೀಪಾವಳಿಗೆ ಮನೆಗೆ ಸುಣ್ಣ ಬಳಿಯುವಾಗ ಆಯಿಯು ಪಡಸಾಲೆಯ ಆ ಗೋಡೆಗೂ ಸುಣ್ಣ ಹೊಡೆಯಿಸಿದಳು. ಆ ವರ್ಷವೇ ನವೆಂಬರ 1ಕ್ಕೆ ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತೆಂದು ಶಾಲೆಯಲ್ಲಿ ನಮಗೆಲ್ಲ ಸಕ್ಕರೆ ಹಂಚಿದರು. ನಾನು ಸಕ್ಕರೆ ತಿನ್ನುತ್ತ ಮನೆಗೆ ಬಂದರೆ ಪಡಸಾಲೆಯ ಗೋಡೆ ಬೆಳ್ಳಗಿತ್ತು. ಕಾಕಾ ಅದರ ಮುಂದೆ ಕುಳಿತಿದ್ದನು. ಸುಗ್ಗಿಯು ನಾಲ್ಕು ತಿಂಗಳಿಗೆ ಬಂದಿರುವಾಗ ಲೆಕ್ಕವನ್ನು ಅಳಿಸಿದ ತಾಯಿಗೆ ಆತನು ಏನೂ ಅನ್ನಲಿಲ್ಲ. ವಹಿಯು ತನ್ನ ಬಳಿಯಿದೆಯೆಂದು ಸಮಾಧಾನಪಟ್ಟುಕೊಂಡಿರಬೇಕು.

1974ರ ಸುಗ್ಗಿ ಮುಗಿದ ಮೇಲೆ ಕೆಲವರು ತಾವಾಗಿಯೇ ಕಾಳು ತಂದು ಅಳೆದರು, ಕೆಲವರು ತರಲಿಲ್ಲ. ತರದವರಲ್ಲಿ ಕುಂಬಾರರ ಮನೆಯೊಂದು. ಕಾಕಾ ವಹಿಯನ್ನು ಹಿಡಿದು ಅವರ ಬಾಗಿಲಿಗೆ ಹೋಗಿ ನಾಲ್ಕು ಜನರೆದುರಿಗೆ ಓದಿ ತೋರಿಸಿದನಂತೆ. ಅಂದು ಸಂಜೆ ಆ ಮನೆಯ ಹೆಣ್ಣುಮಗಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನಮ್ಮ ಅಂಗಳಕ್ಕೆ ಬಂದು ಎರಡು ಹೊಸ ಗಡಿಗೆಗಳನ್ನಿಟ್ಟು ಮಾತಾಡದೆ ಹೋದಳು. ಆಯಿಯು ಗಡಿಗೆಗಳನ್ನು ನೋಡಿದಳು. ಕಾಕಾನ ಕೈಯಲ್ಲಿದ್ದ ವಹಿಯನ್ನು ನೋಡಿದಳು. ಅದರ ಹೊದಿಕೆಯ ಗುರುತು ಹಿಡಿದು ನನ್ನನ್ನು ನೋಡಿದಳು.

ಬೈದಿದ್ದರೆ ಇಂದಿಗೆ ಮರೆತುಹೋಗುತ್ತಿತ್ತು. ಆಕೆ ಬೈಯಲಿಲ್ಲ. ರಾತ್ರಿ ಊಟವಾದ ಮೇಲೆ ಒಲೆಯ ಮುಂದೆ ನನ್ನನ್ನು ಕೂರಿಸಿಕೊಂಡು, “ಏನ್ ಬರದೀಯೋ ತಮ್ಮಾ, ಓದಿ ಹೇಳು” ಎಂದಳು. ನಾನು ಓದತೊಡಗಿದೆನು. ಒಂದೊಂದು ಹೆಸರು ಓದಿದಾಗಲೂ ಆಕೆಯು ಆ ಮನೆಯ ವೃತ್ತಾಂತವನ್ನು ಹೇಳಿದಳು. ಈ ಮನೆಯ ಕೂಸು ಬರದಲ್ಲಿ ತೀರಿತು. ಈ ಮನೆಯವನು ಖಡಿ ಒಡೆಯುವಾಗ ಕಣ್ಣು ಕಳೆದುಕೊಂಡನು. ಇವನು ಉಳ್ಳವನೇ, ಕೊಡಲಾರದವನಲ್ಲ. ಆದರೆ ಮುತ್ಯಾನ ಕೊನೆಯ ದಿನಗಳಲ್ಲಿ ರಾತ್ರಿಯೆಲ್ಲ ಕೂತವನು ಇವನೇ. ಕುಂಬಾರರ ಕತ್ತೆಗಳು ಸತ್ತವು. ಮಣ್ಣು ತರುವದು ಹೇಗೆ? 23 ಹೆಸರುಗಳು ಮುಗಿಯುವ ಹೊತ್ತಿಗೆ ನನ್ನ ಧ್ವನಿಯು ಹೂತುಹೋಗಿತ್ತು. ಕಾಕಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದನು.

“ನೀ ಬರದದ್ದು ಸುಳ್ಳಲ್ಲ, ತಮ್ಮಾ. ಖರೇನ ಬರದೀ. ಆದ್ರ ಅರ್ಧಾ ಬರದೀ” ಎಂದಳು ಆಯಿ.

ನಾನು ಹಾಳೆಯನ್ನು ಒಲೆಗೆ ಹಾಕಲು ಹೋದೆನು. ಆಕೆಯು ಕೈ ಹಿಡಿದು, “ಅಕ್ಷರಾ ಸುಡಬಾರದು, ನೀರಿಗೆ ಬಿಡು” ಎಂದಳು. ಮರುದಿನ ಬೆಳಿಗ್ಗೆ ಬಾವಿಯ ನೀರಿನ ಮೇಲೆ ನನ್ನ ದುಂಡಗಿನ ಅಕ್ಷರಗಳ ಶಾಯಿಯು ಬಿಟ್ಟುಕೊಳ್ಳುವದನ್ನು ಮೆಟ್ಟಿಲ ಮೇಲೆ ಕುಳಿತು ನೋಡಿದೆನು. ಆ ಎರಡು ಗಡಿಗೆಗಳನ್ನು ಆಯಿಯು ತಾನೇ ಹೊತ್ತು ಒಯ್ದು ಅವುಗಳ ಬೆಲೆಯನ್ನು ಕೊಟ್ಟು ಮರಳಿ ತಂದಳು. ಕಾಕಾ ಎತ್ತುಗಳಿಗಾಗಿ ಸಾಲ ಮಾಡಿದನು. ಅದನ್ನು ತೀರಿಸಲು ನಮ್ಮ ಮನೆಗೆ ಆರು ವರ್ಷ ಹಿಡಿದವು. ಔದಾರ್ಯದ ಬೆಲೆಯನ್ನು ಕೊಡುವವರು ಕೆಲವೊಮ್ಮೆ ಬೇರೆಯವರೇ ಆಗಿರುತ್ತಾರೆಂಬುದನ್ನೂ ನಾನು ಇಲ್ಲಿ ಮುಚ್ಚಿಡಲಾರೆನು.

ಹೀಗೆ ಬರಬೇಕಾದ ಲೆಕ್ಕವನ್ನು ಅಳಿಸಿದ ಆಯಿಯು ಇನ್ನೊಂದು ಲೆಕ್ಕವನ್ನು ಅಳಿಸಿರಲಿಲ್ಲ. ಅಡಿಗೆಮನೆಯಲ್ಲಿ ಒಲೆಯ ಮಗ್ಗುಲ ಗೋಡೆಯ ಮೇಲೆ ಕೆಮ್ಮಣ್ಣಿನ ಮೂರು ಗೀರುಗಳಿದ್ದವು. ಪ್ರತಿ ದೀಪಾವಳಿಯಲ್ಲಿಯೂ ಸುಣ್ಣ ಬಳಿದ ಮೇಲೆ ಆಕೆಯು ಅವುಗಳನ್ನು ಹೊಸದಾಗಿ ಎಳೆಯುತ್ತಿದ್ದಳು. ಅದೇನೋ ಪೂಜೆಯ ಗುರುತಿರಬೇಕೆಂದು ನಾವು ತಿಳಿದಿದ್ದೆವು. ವಹಿಯ ಪ್ರಸಂಗದ ಬಳಿಕ ನಾನೇ ಕೇಳಿದೆನು. ಚೊಚ್ಚಲ ಬಾಣಂತನಕ್ಕೆ ಆಕೆ ತಿಕೋಟಾದ ತವರಿನಲ್ಲಿದ್ದ ವರ್ಷ ಅಲ್ಲಿ ಕಾಳಿಗೆ ತತ್ವಾರವಾಗಿತ್ತಂತೆ. ನೆರೆಮನೆಯ ಹೆಣ್ಣುಮಗಳೊಬ್ಬಳು ಮೂರು ಬುಟ್ಟಿ ಜೋಳ ಕೊಟ್ಟಿದ್ದಳು. ತೀರಿಸುವ ಮೊದಲೇ ಆ ಮನೆಯವರು ಊರು ಬಿಟ್ಟು ಸೊಲ್ಲಾಪುರದ ಗಿರಣಿಗೆ ಹೋಗಿದ್ದರು. ತವರಿನ ಸಾಲ ಮಗಳದಲ್ಲವೆಂದು ಎಲ್ಲರೂ ಹೇಳಿದರು. “ತಿಂದಾಕಿ ನಾ” ಎಂದಳು ಆಯಿ. “ಆ ಜ್ವಾಳದ ಹಾಲು ನಿಮ್ಮಪ್ಪ ಕುಡದಾನ.”

ಆ ವರ್ಷದ ಯುಗಾದಿಯಾದ ಮೇಲೆ ಆಯಿಯು ನನ್ನನ್ನು ಕರೆದುಕೊಂಡು, ಒಂದು ಚೀಲ ಜೋಳದೊಂದಿಗೆ, ವಿಜಾಪುರದ ನಿಲ್ದಾಣದಿಂದ ಸೊಲ್ಲಾಪುರದ ರೈಲು ಹತ್ತಿದಳು. ಓದುವವನು ಜೊತೆಗಿರಬೇಕೆಂದು ನಾನು. ಹಣ ಒಯ್ದರೆ ಸಾಲದೇ ಎಂದರೆ, “ಕಾಳು ತಂದದ್ದು, ಕಾಳೇ ಮುಟ್ಟಬೇಕು” ಎಂದಳು. ಗಿರಣಿಯ ಚಾಳುಗಳಲ್ಲಿ ಕನ್ನಡ ಮಾತಾಡುವವರಿಗೆ ಕೊರತೆಯಿರಲಿಲ್ಲ. ಎರಡು ದಿನ ಬಾಗಿಲಿಂದ ಬಾಗಿಲಿಗೆ ತಿಕೋಟಾದವರನ್ನು ಕೇಳುತ್ತ ತಿರುಗಿದೆವು. ಅವರು ಮುಂಬಯಿಗೆ ಹೋದರೆಂದು ಕೆಲವರು, ಯಾರೂ ಉಳಿದಿಲ್ಲವೆಂದು ಕೆಲವರು ಹೇಳಿದರು. ಕೊನೆಗೆ ಆಯಿಯು ಆ ಜೋಳವನ್ನು ಚಾಳಿನ ಮುದುಕಿಯರಿಗೆ ಹಂಚಿದಳು. ರೈಲಿನಲ್ಲಿ ಮರಳುವಾಗ, “ಇನ್ನ ಗೀರು ಅಳಸ್ತೀಯಲ್ಲಾ, ಆಯಿ?” ಎಂದೆನು.

“ಇಲ್ಲೋ. ಇದು ದಾನಾ ಆತು. ಸಾಲಾ ತೀರಲಿಲ್ಲ” ಎಂದು ಆಕೆಯು ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ಊರು ಸಮೀಪಿಸಿ ಗೋಲಗುಂಬಜದ ನೆತ್ತಿಯು ಕಾಣುವ ವರೆಗೂ ಮಾತಾಡಲಿಲ್ಲ.

ದೇವಋಣ, ಋಷಿಋಣ, ಪಿತೃಋಣಗಳೆಂದು ಮೂರು ಋಣಗಳನ್ನು ನಾನು 35 ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಅವು ಪುಸ್ತಕದ ಮಾತುಗಳಾಗಿ ತೋರಿದಾಗಲೆಲ್ಲ ಒಲೆಯ ಮಗ್ಗುಲ ಆ ಮೂರು ಗೀರುಗಳು ನನ್ನ ಕಣ್ಮುಂದೆ ಬರುತ್ತಿದ್ದವು. ನಮಗೆ ಬರಬೇಕಾದುದನ್ನು ಮರೆಯಬಹುದು. ನಾವು ಕೊಡಬೇಕಾದುದನ್ನು ಮರೆಯಲಾಗದು. ಲೋಕದಲ್ಲಿ ಹೆಚ್ಚಿನವರು ಇದನ್ನು ತಿರುವುಮುರುವಾಗಿ ಆಚರಿಸುತ್ತಾರೆ. ನಾನೂ ಅವರಿಗೆ ಹೊರತಾದವನಲ್ಲ.

1990ರ ಚಳಿಗಾಲದಲ್ಲಿ ಆಯಿಯು ತೀರಿಕೊಂಡಳು. ಎಳ್ಳಮವಾಸ್ಯೆಯ ಚರಗಕ್ಕೆಂದು ಸಜ್ಜೆಯ ರೊಟ್ಟಿ ತಟ್ಟುವವರಿಗೆ ಹೇಳಿಕೊಡುತ್ತ ಕುಳಿತವಳು ಗೋಡೆಗೆ ಒರಗಿದಳು, ಮತ್ತೆ ಏಳಲಿಲ್ಲ. ಕ್ರಿಯೆಗೆ ಬೇಕಾದ ಗಡಿಗೆಯನ್ನು ಕುಂಬಾರರ ಮನೆಯಿಂದ ತಂದರು. ಬೆಲೆಯನ್ನು ಕೊಡಹೋದ ಕಾಕಾನ ಕೈಯನ್ನು ಆ ಹೆಣ್ಣುಮಗಳು ಹಿಂದಕ್ಕೆ ಸರಿಸಿದಳು. ಅಷ್ಟು ಜನರ ನಡುವೆ ಕಾಕಾ ಮಗುವಿನಂತೆ ಅತ್ತುದನ್ನು ನಾನು ಕಂಡೆನು.

ಈಗ ನಮ್ಮ ಸೀಮೆಗೆ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದಿದೆ. ತಿಕೋಟಾದ ಸುತ್ತಲೂ ದ್ರಾಕ್ಷಿಯ ತೋಟಗಳು, ಮಣುಕ ಒಣಗಿಸುವ ಶೆಡ್ಡುಗಳು. ಹಗೇವಿನ ಅವಶ್ಯಕತೆಯಿಲ್ಲ, ಅದಕ್ಕಾಗಿ ವ್ಯಥೆಪಡಬೇಕಾದುದೂ ಇಲ್ಲ. ಹಸಿವು ಹೋದುದು ಒಳ್ಳೆಯದೇ. ಆ ದಿನ ನಾನು ನಿಂತು ಹಗೇವಿಗೆ ಮಣ್ಣು ತುಂಬಿಸಿದೆನು. ಅಡಿಗೆಮನೆಯ ಗೋಡೆಯೂ ಬಿದ್ದಿತು. ಸುಣ್ಣದ ಪದರುಗಳ ನಡುವೆ ಕೆಂಪು ಗೀರುಗಳು ಪುಡಿಯಾದವು.

ಕಳೆದ ದೀಪಾವಳಿಗೆ ವಿಜಯಪುರದ ನಮ್ಮ ಮನೆಗೆ ಬಣ್ಣ ಹಚ್ಚಿಸಿದ ಮೇಲೆ ನಾನು ಕೆಮ್ಮಣ್ಣನ್ನು ಕಲಿಸಿ ಅಡಿಗೆಮನೆಯ ಮೂಲೆಯಲ್ಲಿ ಮೂರು ಗೀರುಗಳನ್ನು ಎಳೆದೆನು. ಹೊಸ ಬಣ್ಣ ಕೆಟ್ಟಿತೆಂದು ಮನೆಯವರು ಮೊದಲು ಬೇಸರಪಟ್ಟರು. ಕಾರಣ ಹೇಳಿದ ಮೇಲೆ ಸುಮ್ಮನಾದರು. ಈಗತಾನೇ ಅಕ್ಷರ ಕಲಿಯುತ್ತಿರುವ ಮೊಮ್ಮಗನು ಬಂದು ನಿಂತು ಬಹಳ ಹೊತ್ತು ನೋಡಿ, “ಮುತ್ಯಾ, ಇದೇನ್ ಬರದಿ?” ಎಂದು ಕೇಳಿದನು.

“ನಾವು ಕೊಡಬೇಕಾದದ್ದು, ತಮ್ಮಾ” ಎಂದೆನು.